ನೋಡದೆ ಬರೆದ ಸಾಲು

ಮಣಲಿಯ ನಮ್ಮ ಕಾರ್ಖಾನೆಯಲ್ಲಿ ಪಾಳಿಯ ಹೊತ್ತು ಮುಗಿಯಿತೆಂದು ಯಾರೂ ಎದ್ದು ಹೋಗುವಂತಿರಲಿಲ್ಲ. ಮುಂದಿನ ಪಾಳಿಯವನು ಬರಬೇಕು, ಎದುರಿಗೆ ನಿಂತು ಲಾಗ್ ಪುಸ್ತಕ ಓದಬೇಕು, ಕೇಳುವುದನ್ನು ಕೇಳಿ ಸಹಿ ಹಾಕಬೇಕು. ಆಮೇಲೆಯೇ ನಾವು ಕುರ್ಚಿ ಬಿಡುವುದು. ಅವನು ಬರಲಿಲ್ಲವೆಂದರೆ ಅವನ ಎಂಟು ಗಂಟೆಯೂ ನಮ್ಮ ಕೊರಳಿಗೇ ಬೀಳುತ್ತಿತ್ತು. ನಮಗೆ ಜ್ವರವಿರಲಿ, ಮನೆಯಲ್ಲಿ ಮದುವೆಯಿರಲಿ, ಯಂತ್ರ ಕಾಯುವವನು ಒಬ್ಬ ಇರಲೇಬೇಕು.

ಆ ಪುಸ್ತಕದಲ್ಲಿ ಗಂಟೆಗೊಂದು ಸಾಲು. ಒತ್ತಡ ಎಷ್ಟು, ಶಾಖ ಎಷ್ಟು, ಯಾವ ಟ್ಯಾಂಕಿನಲ್ಲಿ ಮಟ್ಟ ಎಷ್ಟು. ಕೆಲವು ಮೀಟರುಗಳು ಕೋಣೆಯಲ್ಲೇ ಇದ್ದವು, ಕೆಲವನ್ನು ಬಿಸಿಲಿನಲ್ಲಿ ಏಣಿ ಹತ್ತಿ ನೋಡಿ ಬರಬೇಕಿತ್ತು. ಏಣಿ ಹತ್ತುವ ಬದಲು ಟೀ ಕುಡಿಯುತ್ತಾ ಕೂತು, ಪಾಳಿಯ ಕೊನೆಗೆ ಎಂಟೂ ಸಾಲನ್ನು ಒಟ್ಟಿಗೆ ತುಂಬಿಸುವವರೂ ಇದ್ದರು. ಹಿಂದಿನ ಅಂಕಿಗೆ ಒಂದು ಕೂಡಿಸಿ, ಇನ್ನೊಂದು ಕಡೆ ಒಂದು ಕಳೆದು, ಕೊನೆಗೆ ‘ನಾರ್ಮಲ್’ ಎಂದು ಗೀಚಿದರೆ ಮುಗಿಯಿತು. ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಹೊಸದಾಗಿ ಸೇರಿದವರಿಗೆ ನಾನು ಮೊದಲ ದಿನವೇ ಹೇಳುತ್ತಿದ್ದ ಮಾತು ಒಂದೇ: ಕಣ್ಣಾರೆ ನೋಡದೆ ಒಂದು ಅಂಕಿಯನ್ನೂ ಬರೆಯಬೇಡ. ನೋಡಲು ಆಗಲಿಲ್ಲವೋ, ಜಾಗ ಖಾಲಿ ಬಿಡು, ಖಾಲಿ ಇದ್ದರೆ ಮುಂದಿನವನು ಹೋಗಿ ನೋಡುತ್ತಾನೆ. ಈ ಮಾತು ಹೇಳುವಾಗ ನನ್ನ ಮುಖದಲ್ಲಿ ಎಷ್ಟು ಜಂಬ ಇರುತ್ತಿತ್ತೋ, ನೆನೆದರೆ ಈಗ ನಾಚಿಕೆಯಾಗುತ್ತದೆ.

ಮನೆ ಇದ್ದದ್ದು ಕ್ರೋಂಪೇಟೆಯಲ್ಲಿ, ಆ ದೊಡ್ಡ ತಮಿಳು ಊರಿನ ಇನ್ನೊಂದು ತುದಿ. ಕೆಲಸದಲ್ಲಿ ಗಂಧಕದ ವಾಸನೆ, ಗಾಳಿ ತಿರುಗಿದರೆ ಮನೆಯಲ್ಲಿ ಚರ್ಮ ಹದಮಾಡುವ ವಾಸನೆ. ಎರಡರ ನಡುವೆ ಕಂಪನಿ ಬಸ್ಸಿನಲ್ಲಿ ಒಂದೂವರೆ ಗಂಟೆ. ಅಷ್ಟು ದೂರ ಮನೆ ಮಾಡಿದ್ದು ಹೆಂಡತಿಗಾಗಿ. ಅವಳು ಬಂದರಿನ ಕಡೆ ಪ್ಯಾರಿಸ್ ಎನ್ನುವ ಪೇಟೆಯ ಹತ್ತಿರದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆ. ಮನೆಯಿಂದ ಸ್ಟೇಷನ್ನು ಏಳು ನಿಮಿಷದ ನಡಿಗೆ, ಎಲೆಕ್ಟ್ರಿಕ್ ಟ್ರೈನು ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಕಚೇರಿ. ಬೆಳಿಗ್ಗೆ ಎಂಟೂಮುಕ್ಕಾಲಿಗೆ ಹೋದರೆ ಸಂಜೆ ಆರೂವರೆಗೆ ಬರುತ್ತಿದ್ದಳು.

ಮಗಳು ಹುಟ್ಟಿದ ವರ್ಷ ಮೊದಲು ಮಂಡ್ಯದಿಂದ ನನ್ನ ಅಮ್ಮ ಬಂದಿದ್ದರು, ಆಮೇಲೆ ಮೈಸೂರಿನಿಂದ ಅತ್ತೆ. ಇಬ್ಬರಿಗೂ ಈ ಊರಿನ ಬೆವರು ಒಗ್ಗಲಿಲ್ಲ. ಮಗುವಿಗೆ ಒಂದೂವರೆ ತುಂಬುವ ಹೊತ್ತಿಗೆ ಉಳಿದದ್ದು ನಾವಿಬ್ಬರು ಮತ್ತು ಕೆಳಗಿನ ಮನೆಯ ಪಾಟಿ. ಪಾಟಿ ನಮ್ಮ ಮನೆಯ ಒಡತಿ, ಅರವತ್ತು ದಾಟಿದ ತಮಿಳು ಹೆಂಗಸು, ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಿಯಾದವರು. ತಮಿಳಿನಲ್ಲಿ ಅಜ್ಜಿಗೆ ಪಾಟಿ ಎನ್ನುತ್ತಾರೆ, ನಮ್ಮ ಮಗಳು ಹಾಗೆ ಕರೆಯುತ್ತಿದ್ದದ್ದರಿಂದ ನಾವೂ ಹಾಗೇ ಕರೆದೆವು. ಅವರು ಮಗುವನ್ನು ನೋಡಿಕೊಳ್ಳಲು ಒಪ್ಪಿದ್ದು ಮಧ್ಯಾಹ್ನದ ಹೊತ್ತಿಗೆ ಮಾತ್ರ, ಬೆಳಗಿನ ಪೂಜೆ ಅಡುಗೆ ಕೆಡಬಾರದು. ಹಾಗಾಗಿ ನನಗೆ ಎರಡು ಗಂಟೆಯ ಪಾಳಿಯಿದ್ದ ವಾರ ಬೆಳಿಗ್ಗೆ ಮಗು ನನ್ನದು, ಮಧ್ಯಾಹ್ನ ಪಾಟಿಯದು, ಸಂಜೆಯಿಂದ ಹೆಂಡತಿಯದು. ಉಳಿದ ವಾರಗಳಿಗೆ ಬೇರೆ ಬೇರೆ ಏರ್ಪಾಡು. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ದೇವರ ಚಿತ್ರ ಬಿಟ್ಟು ಮಿಕ್ಕಿದ್ದೆಲ್ಲ ನನ್ನ ಪಾಳಿಯ ಗುರುತುಗಳೇ.

ಮಗು ಹೀಗೆ ಮೂರು ಕೈ ಬದಲಾಗುತ್ತಿದ್ದದ್ದರಿಂದ ಮಗುವಿಗೂ ಒಂದು ಲಾಗ್ ಪುಸ್ತಕ ಇರಲಿ ಎಂದವನು ನಾನೇ. ಇನ್ನೂರು ಪುಟದ ಉದ್ದ ನೋಟ್‌ಬುಕ್ ತಂದು ಗೀಟು ಹೊಡೆದೆ. ಗಂಟೆ, ಊಟ, ನಿದ್ದೆ, ಔಷಧಿ, ಇತರೆ. ಹೆಂಡತಿ ಮೊದಲು ನಕ್ಕಳು, “ನನ್ನ ಮಗಳೇನು ಬಾಯ್ಲರ್ರಾ?” ಆದರೆ ವಾರ ಕಳೆಯುವುದರಲ್ಲಿ ಆ ಪುಸ್ತಕವನ್ನು ನನಗಿಂತ ಹೆಚ್ಚು ನಂಬಿದವಳು ಅವಳೇ. ಟ್ರೈನಿನಲ್ಲಿ ನಿಂತು ಬಂದವಳು ಚಪ್ಪಲಿ ಬಿಡುವ ಮೊದಲು ಪುಸ್ತಕ ತೆರೆಯುತ್ತಿದ್ದಳು. ಹತ್ತು ಗಂಟೆ ಮಗುವನ್ನು ಕಾಣದವಳಿಗೆ ಆ ಸಾಲುಗಳಲ್ಲೇ ಮಗು ಸಿಗುತ್ತಿತ್ತು. ಪಾಟಿ ತಮಿಳಿನಲ್ಲಿ ಗುಂಡಗೆ ಬರೆಯುತ್ತಿದ್ದರು. ಮಗು ಅತ್ತಿದ್ದು, ಬೆಕ್ಕಿನ ಬಾಲ ಎಳೆದದ್ದು, ತಾವು ಗದರಿದ್ದು, ಒಂದನ್ನೂ ಬಿಡುತ್ತಿರಲಿಲ್ಲ.

ಮಗಳಿಗೆ ಎರಡೂವರೆ ವರ್ಷವಾಗಿದ್ದಾಗಿನ ಮಾತು. ನನಗೆ ಎರಡು ಗಂಟೆಯ ಪಾಳಿ ನಡೆಯುತ್ತಿದ್ದ ವಾರ, ಒಂದು ದಿನ ರಾತ್ರಿ ಹತ್ತಕ್ಕೆ ನನ್ನನ್ನು ಬಿಡಿಸಬೇಕಾದವನು ಬರಲಿಲ್ಲ. ಅವನ ಪಾಳಿಯೂ ನನ್ನ ಮೇಲೆ ಬಿತ್ತು. ಮೇಲಿಂದ ಕೆಮ್ಮು ಬೇರೆ. ಹದಿನಾರು ಗಂಟೆ ಮುಗಿಸಿ ಬೆಳಿಗ್ಗೆ ಏಳೂವರೆಗೆ ಮನೆ ಸೇರಿದೆ. ಮಧ್ಯಾಹ್ನ ಮತ್ತೆ ನನ್ನದೇ ಪಾಳಿ, ಹನ್ನೆರಡೂ ಇಪ್ಪತ್ತಕ್ಕೆ ಬಸ್ಸು.

ಹೆಂಡತಿ ನನ್ನ ಮುಖ ನೋಡಿದಳು. “ರಜ ಹಾಕ್ಲಾ?” ಎಂದು ಕೇಳಿದಳು.

“ಬೇಡ. ನಾಲ್ಕು ಗಂಟೆ ತಾನೆ, ನಾನು ನೋಡ್ಕೋತೀನಿ.”

“ಮಲಗಿಬಿಡಬೇಡಿ ರೀ.”

“ನಾನು ಯಾವತ್ತಾದ್ರೂ ಡ್ಯೂಟಿಲಿ ಮಲಗಿದೀನಾ?” ಎಂದೆ. ಸಿಡುಕಿಯೇ ಹೇಳಿದೆ. ಆ ತಿಂಗಳು ಅವಳ ರಜೆ ಆಗಲೇ ಮೂರಾಗಿತ್ತು, ಮೇಲಿನವರು ಮುಖ ಗಂಟಿಕ್ಕುತ್ತಿದ್ದರು. ಅದೂ ನನಗೆ ಗೊತ್ತಿತ್ತು.

ಅವಳು ಹೋದಳು. ಮಗುವಿಗೆ ಹಾಲು ಕೊಟ್ಟೆ. ಮುಂಬಾಗಿಲ ಚಿಲಕ ಹಾಕಿದೆ, ಅಡುಗೆಮನೆ ಮುಚ್ಚಿದೆ, ಬಚ್ಚಲ ಬಾಗಿಲು ಎಳೆದೆ. ಕೆಲಸದ ಜಾಗದಲ್ಲಿ ಮಾಡುವ ಹಾಗೆ ಎಲ್ಲವನ್ನೂ ಒಂದು ಸುತ್ತು ನೋಡಿ ಬಂದೆ. ಆಮೇಲೆ ಕೆಮ್ಮಿನ ಔಷಧಿ ಒಂದು ಮುಚ್ಚಳ ಕುಡಿದೆ. ಅದು ದೊಡ್ಡವರ ಔಷಧಿ, ಕೆಂಪು ಬಣ್ಣ, ಪಾನಕದ ಸಿಹಿ, ಕುಡಿದರೆ ತಲೆ ಭಾರವಾಗಿ ಕಣ್ಣೆಳೆಯುವಂಥದ್ದು. ಮಗು ಚಾಪೆಯ ಮೇಲೆ ಡಬ್ಬಿಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ಪಕ್ಕದಲ್ಲಿ ಗೋಡೆಗೆ ಒರಗಿ ಕೂತೆ. ಬಾಟಲಿ ಎಲ್ಲಿಟ್ಟೆ ಎಂಬುದು ನೆನಪಿಲ್ಲ. ಇಡೀ ಮನೆಯ ಚಿಲಕಗಳನ್ನು ನೋಡಿದವನು ಕೈಯಲ್ಲಿದ್ದ ಬಾಟಲಿಯನ್ನು ನೋಡಲಿಲ್ಲ.

ಎಚ್ಚರವಾದಾಗ ಗಡಿಯಾರದಲ್ಲಿ ಹನ್ನೊಂದೂ ಐವತ್ತು. ಎರಡು ಗಂಟೆಗೂ ಮೇಲೆ ಮಲಗಿಬಿಟ್ಟಿದ್ದೆ. ಮಗಳು ನನ್ನ ಕಾಲ ಬಳಿಯೇ ಕೂತಿದ್ದಳು, ನನ್ನನ್ನು ನೋಡಿ ನಕ್ಕಳು ಕೂಡ. ತುಟಿ ಕೆಂಪಾಗಿತ್ತು, ಲಂಗದ ಮೇಲೂ ಕೆಂಪು. ಬಾಟಲಿ ಅಡ್ಡ ಬಿದ್ದಿತ್ತು, ನೆಲದ ಮೇಲೆ ಅಂಗೈಯಗಲ ಔಷಧಿ ಚೆಲ್ಲಿತ್ತು.

ಮಟ್ಟ ನೋಡುವುದೇ ನನ್ನ ಕಸುಬು. ಬಾಟಲಿ ಎತ್ತಿ ನಿಲ್ಲಿಸಿದ ಕೂಡಲೇ ಕಣ್ಣು ತಾನಾಗಿ ಅಳೆದುಬಿಟ್ಟಿತು. ಚೀಟಿಯ ಕೆಳಗಿನ ಅಂಚಿಗೆ ಇಳಿದಿದೆ, ಇರಬೇಕಾದದ್ದರಲ್ಲಿ ಅರ್ಧ. ನೆಲದ ಮೇಲೆ ಬಿದ್ದಿರುವುದು ಹೋದದ್ದರಲ್ಲಿ ಅರ್ಧ. ಉಳಿದದ್ದು ಎಲ್ಲಿ ಹೋಯಿತು ಎಂಬ ಪ್ರಶ್ನೆ ಆ ಕ್ಷಣವೇ ತಲೆಗೆ ಬಂತು. ಬಂದದ್ದನ್ನು ನಾನು ಅಲ್ಲೇ ಅದುಮಿದೆ. ಎಲ್ಲ ಚೆಲ್ಲಿದೆ, ಚೆಲ್ಲಿದ್ದನ್ನು ಬೆರಳಲ್ಲಿ ನೆಕ್ಕಿರಬಹುದು ಅಷ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ಬಸ್ಸಿಗೆ ಅರ್ಧ ಗಂಟೆ ಉಳಿದಿತ್ತು. ನೆಲ ಒರೆಸಿದೆ, ಮುಖ ತೊಳೆದೆ, ಲಂಗ ಬದಲಿಸಿ ಕೆಂಪಾದದ್ದನ್ನು ಬಕೆಟ್ಟಿನಲ್ಲಿ ನೆನೆಹಾಕಿದೆ, ಬಾಟಲಿಯನ್ನು ಬೀರುವಿನ ಮೇಲೆ ಹಿಂದಕ್ಕೆ ತಳ್ಳಿದೆ. ಕಳ್ಳತನ ಮಾಡಿದವನಿಗೂ ಅಷ್ಟು ಚುರುಕು ಇರುವುದಿಲ್ಲ.

ಆಮೇಲೆ ಪುಸ್ತಕ ತೆಗೆದೆ. ಬೆಳಗಿನ ಸಾಲುಗಳೆಲ್ಲ ಖಾಲಿ ಇದ್ದವು. ಹತ್ತು ಗಂಟೆ: ಆಟ. ಹತ್ತೂವರೆ: ಅನ್ನ, ತೊವ್ವೆ, ಅರ್ಧ ಬಟ್ಟಲು. ಹನ್ನೊಂದು: ಆಟ. ಹನ್ನೆರಡು: ಆಟ. ಔಷಧಿ: ಇಲ್ಲ. ಇತರೆ: ನಾರ್ಮಲ್. ಒಂದೇ ಪೆನ್ನಿನಲ್ಲಿ, ಒಂದೇ ಉಸಿರಿನಲ್ಲಿ, ಏಣಿ ಹತ್ತದವರು ಬರೆಯುವ ಹಾಗೆಯೇ ಬರೆದೆ. ಅನ್ನ ಪಾತ್ರೆಯಲ್ಲೇ ಇತ್ತು. ಅದನ್ನು ಕಾಗೆಗೆ ಹಾಕಿದೆ.

ಮೆಟ್ಟಿಲು ಇಳಿಯುವಾಗ ಮಗು ನನ್ನ ಹೆಗಲ ಮೇಲೆ ತಲೆಯಿಟ್ಟಳು. ಪಾಟಿ ಬಾಗಿಲಲ್ಲಿ ಕೈ ಚಾಚಿ, “ಎಲ್ಲಾಂ ಸರಿಯಾ?” ಎಂದು ಕೇಳಿದರು. ಹೇಳಿಬಿಡೋಣ ಎನ್ನಿಸಿತು, ನಿಜ. ಆದರೆ ಆ ಗಂಡಸು ಮಗುವನ್ನು ಬಿಟ್ಟು ಗೊರಕೆ ಹೊಡೆಯುತ್ತಿದ್ದ ಎಂದು ಈ ಹೆಂಗಸು ಸಂಜೆ ನನ್ನ ಹೆಂಡತಿಗೆ ಹೇಳುತ್ತಾರಲ್ಲ ಎಂಬುದೂ ಅದರ ಜೊತೆಗೇ ಬಂತು. “ನಾರ್ಮಲ್ ಪಾಟಿ” ಎಂದು ಹೇಳಿ ಓಡಿದೆ.

ಎರಡರಿಂದ ಐದರವರೆಗೆ ಆ ದಿನ ನಾನು ಕೂತದ್ದು ಮುಳ್ಳಿನ ಮೇಲೆ. ಎದುರಿಗೆ ಮೀಟರುಗಳು, ಬಲಗೈ ಪಕ್ಕದಲ್ಲೇ ಫೋನು. ಕಂಪನಿಯ ಎಕ್ಸ್‌ಚೇಂಜಿಗೆ ಹೇಳಿದರೆ ಪಾಟಿಯ ಮನೆಗೆ ಎರಡು ನಿಮಿಷದಲ್ಲಿ ಲೈನು ಕೊಡುತ್ತಾರೆ. ಮೂರು ಗಂಟೆಗೆ ಮಾಡೋಣ ಎಂದುಕೊಂಡೆ. ಮೂರಾದ ಮೇಲೆ, ಪಾಟಿಯ ನಿದ್ದೆ ಕೆಡುತ್ತದೆ, ನಾಲ್ಕಕ್ಕೆ ಮಾಡೋಣ ಎಂದುಕೊಂಡೆ. ಫೋನು ಮಾಡಿದರೆ ಯಾಕೆ ಮಾಡಿದ್ದು ಎಂದು ಹೇಳಬೇಕಲ್ಲ. ಆ ಭಯಕ್ಕೆ ಮಗುವಿನ ಭಯ ಸೋತುಹೋಯಿತು. ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ, ಆದರೆ ಆದದ್ದು ಹಾಗೆಯೇ.

ಐದಕ್ಕೆ ಸ್ವಲ್ಪ ಮೊದಲು ಫೋನು ತಾನಾಗಿ ಬಡಿದುಕೊಂಡಿತು. ಹೊರಗಿನ ಕರೆ, ನಿಮ್ಮ ಮನೆಯವರು ಎಂದ ಎಕ್ಸ್‌ಚೇಂಜಿನವನು.

“ರೀ, ನರ್ಸಿಂಗ್ ಹೋಮಿಂದ ಮಾತಾಡ್ತಿದೀನಿ,” ಎಂದಳು ಹೆಂಡತಿ. “ಮಗು ಏಳ್ತಾ ಇಲ್ಲ.”

“ಏಳ್ತಾ ಇಲ್ಲ ಅಂದ್ರೆ?”

“ಪಾಟಿ ಮೂರು ಗಂಟೆಯಿಂದ ಎಬ್ಬಿಸಿದಾರೆ. ಕೂಗಿದ್ರೆ ಒಂಚೂರು ಕಣ್ಣು ತೆರೀತಾಳೆ, ಮತ್ತೆ ಮುಚ್ಕೋತಾಳೆ. ಅವರೇ ಆಟೋದಲ್ಲಿ ಕರ್ಕೊಂಡು ಬಂದ್ರು, ನನ್ನ ಆಫೀಸಿಗೆ ಫೋನ್ ಮಾಡ್ಸಿದ್ರು, ನಾನು ಈಗ ಬಂದೆ. ಉಸಿರು ನಿಧಾನ ಆಗ್ತಿದೆ ಅಂತಾರೆ. ಮೆದುಳು ಜ್ವರ ಇರಬಹುದಂತೆ. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದು ನೋಡ್ಬೇಕು ಅಂತಿದಾರೆ.” ಅವಳ ದನಿ ಅಳುತ್ತಿರಲಿಲ್ಲ, ಕಚೇರಿಯಲ್ಲಿ ಫೈಲು ಓದುವ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಿತ್ತು. ಅದನ್ನು ಕೇಳಿ ನನಗೆ ಇನ್ನೂ ಭಯವಾಯಿತು. “ಬೆಳಿಗ್ಗೆ ಹೇಗಿದ್ಲು, ಏನು ತಿಂದ್ಲು, ಬಿದ್ಲಾ, ಏನಾದ್ರೂ ನುಂಗಿದ್ಲಾ ಅಂತ ಡಾಕ್ಟ್ರು ಕೇಳಿದ್ರು. ಪಾಟಿ ತಂದಿದ್ದ ಪುಸ್ತಕ ನನ್ನ ಕೈಯಲ್ಲೇ ಇತ್ತು. ನೀವು ಬರ್ದಿದ್ದನ್ನೆಲ್ಲ ಓದಿ ಹೇಳ್ದೆ. ಹತ್ತೂವರೆಗೆ ಅನ್ನ, ಆಮೇಲೆ ಆಟ, ಔಷಧಿ ಏನೂ ಇಲ್ಲ, ನಾರ್ಮಲ್. ಸರಿ ತಾನೆ?”

ಪಕ್ಕದ ಮೇಜಿನಲ್ಲಿ ನಮ್ಮ ಪಾಳಿಯ ಮುಖ್ಯಸ್ಥರು ಕೂತಿದ್ದರು. ಕೃಷ್ಣಗಿರಿ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಹನ್ನೆರಡು ವರ್ಷ ನನ್ನ ಅಂಕಿಗಳ ಕೆಳಗೆ ಕಣ್ಣು ಮುಚ್ಚಿ ಸಹಿ ಹಾಕಿದವರು. ನನ್ನ ಮುಖ ನೋಡಿ ಬರೆಯುವುದನ್ನು ನಿಲ್ಲಿಸಿದ್ದರು.

“ರೀ, ಕೇಳ್ತಿದೆಯಾ? ಸರಿ ತಾನೆ? ಒಳಗೆ ರೆಡಿ ಮಾಡ್ತಿದಾರೆ.”

“ಸರಿಯಿಲ್ಲ,” ಎಂದೆ. “ಅದ್ಯಾವುದೂ ನಿಜ ಅಲ್ಲ. ನಾನು ಮಲಗಿಬಿಟ್ಟಿದ್ದೆ. ಒಂಬತ್ತೂವರೆಯಿಂದ ಹನ್ನೆರಡರ ತನಕ. ಅನ್ನ ತಿನ್ನಿಸಿಲ್ಲ. ನನ್ನ ಕೆಮ್ಮಿನ ಔಷಧಿ ಕುಡಿದಿದಾಳೆ.”

ಆ ಕಡೆ ಟ್ರಾಲಿ ತಳ್ಳುವ ಸದ್ದು ಕೇಳಿಸಿತು, ಯಾರೋ ತಮಿಳಿನಲ್ಲಿ ಕೂಗಿದ್ದು ಕೇಳಿಸಿತು. ಆಮೇಲೆ ಅವಳು, “ಡಾಕ್ಟ್ರಿಗೆ ಕೊಡ್ತೀನಿ, ಅವರಿಗೇ ಹೇಳಿ,” ಎಂದಳು, ಅಷ್ಟೆ.

ಡಾಕ್ಟರಮ್ಮ ಬೈಯಲಿಲ್ಲ, ಬೈಯಲು ಅವರಿಗೆ ಹೊತ್ತಿರಲಿಲ್ಲ. ಔಷಧಿಯ ಹೆಸರು ಕೇಳಿದರು, ಹೇಳಿದೆ. “ಬಾಟಲ್‌ಲ ಎವ್ವಳವು ಮಿಚ್ಚಂ?” ಎಂದು, ಎಷ್ಟು ಉಳಿದಿದೆ ಎಂದು ಕೇಳಿದರು. ಆಗ ನೋಡಿ, ಬೆಳಿಗ್ಗೆ ಅದುಮಿಟ್ಟ ಅಂಕಿಗಳೆಲ್ಲ ಒಂದೂ ತಪ್ಪದೆ ಹೊರಗೆ ಬಂದವು. ನೂರರ ಬಾಟಲಿ, ನಾನು ಅಲ್ಲಿಯವರೆಗೆ ಒಟ್ಟು ಕುಡಿದದ್ದು ಇಪ್ಪತ್ತು, ಉಳಿದಿರುವುದು ನಲವತ್ತು, ನೆಲದ ಮೇಲೆ ಚೆಲ್ಲಿದ್ದು ಹದಿನೈದು ಇಪ್ಪತ್ತು. ಹಾಗಾದರೆ ಮಗುವಿನ ಹೊಟ್ಟೆಗೆ ಇಪ್ಪತ್ತರ ಮೇಲೆ. ಕುಡಿದದ್ದು ಎಷ್ಟು ಹೊತ್ತಿಗೆ ಎಂದು ಕೇಳಿದರು. ಅದು ಮಾತ್ರ ಗೊತ್ತಿಲ್ಲ ಎಂದೆ. ಫೋನು ಕುಕ್ಕಿದ ಸದ್ದು ಕೇಳಿಸಿತು.

ಎದ್ದು ನಿಂತೆ. ಓಡಬೇಕೆಂದರೆ ಓಡುವಂತಿಲ್ಲ. ಪಾಳಿ ಹಸ್ತಾಂತರವಾಗದೆ ಕುರ್ಚಿ ಬಿಟ್ಟವನನ್ನು ಗೇಟಿನಲ್ಲೇ ನಿಲ್ಲಿಸುತ್ತಾರೆ, ನಿಲ್ಲಿಸಬೇಕು ಕೂಡ. ಮುಖ್ಯಸ್ಥರು ನನ್ನ ಜಾಗಕ್ಕೆ ಬಂದು ನಿಂತರು. “ನೀನು ಹೊರಡಪ್ಪ, ನಾ ಪಾತ್ಕರೇನ್,” ತಾನು ನೋಡಿಕೊಳ್ಳುತ್ತೇನೆ ಎಂದರು. ಲಾಗ್ ಪುಸ್ತಕ ಅವರ ಮುಂದೆ ತಿರುಗಿಸಿ ನಾಲ್ಕು ಗಂಟೆಯ ಸಾಲು ಓದಿದೆ. ಎರಡನೇ ಟ್ಯಾಂಕಿನ ಮಟ್ಟ ಹೇಳಿದೆ. ಅವರು ಪೆನ್ನು ಎತ್ತಿದವರು ಹಾಗೇ ನಿಂತರು. ಹೆಲ್ಮೆಟ್ ಹಾಕಿಕೊಂಡು ಹೊರಗೆ ಹೋದರು. ಕಿಟಕಿಯಿಂದ ಕಾಣಿಸುತ್ತಿತ್ತು, ಐವತ್ತೈದರ ಮನುಷ್ಯ ಬಿಸಿಲಿನಲ್ಲಿ ಏಣಿ ಹತ್ತಿ, ಬಗ್ಗಿ, ಮಟ್ಟ ನೋಡಿ ಇಳಿದು ಬಂದರು. ನಾನು ಹೇಳಿದ ಅಂಕಿಯೇ ಸರಿಯಿತ್ತು. ಆದರೂ ತಾವು ನೋಡಿದ್ದನ್ನೇ ಬರೆದು ಸಹಿ ಹಾಕಿದರು. ಆ ನಾಲ್ಕು ನಿಮಿಷ ನಾನು ಮಗಳನ್ನು ನೆನೆಯುತ್ತಾ ನಿಂತಿದ್ದೆ, ಅವರ ಮೇಲೆ ಸಿಟ್ಟು ಮಾಡುವ ಹಕ್ಕೂ ನನಗೆ ಉಳಿದಿರಲಿಲ್ಲ.

ಕಂಪನಿಯ ಜೀಪು ತಿರುವೊತ್ತಿಯೂರು ಸ್ಟೇಷನ್ನಿನವರೆಗೆ ಬಿಟ್ಟಿತು. ಅಲ್ಲಿಂದ ಬೀಚ್ ಸ್ಟೇಷನ್ನು, ಅಲ್ಲಿ ಇನ್ನೊಂದು ಟ್ರೈನು. ಕಚೇರಿ ಬಿಟ್ಟ ಹೊತ್ತು, ಡಬ್ಬಿಯಲ್ಲಿ ಕಾಲಿಡಲು ಜಾಗವಿಲ್ಲ. ಮಾಂಬಲಂ ಬಂತು, ಸೈದಾಪೇಟೆ ಬಂತು, ಗಿಂಡಿ ಬಂತು, ಪ್ರತಿ ಸ್ಟೇಷನ್ನಿನಲ್ಲೂ ಇಳಿದು ಫೋನ್ ಬೂತಿಗೆ ಓಡೋಣ ಎನ್ನಿಸುತ್ತಿತ್ತು. ಇಳಿದರೆ ಟ್ರೈನು ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಫೋನಿನಲ್ಲಿ ಏನು ಕೇಳಬೇಕಾಗುತ್ತದೋ ಎಂಬ ಹೆದರಿಕೆ. ಎದುರಿಗೆ ಒಬ್ಬ ಹೆಂಗಸು ಕಚೇರಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಹೂ ಕಟ್ಟುತ್ತಿದ್ದಳು. ಮನೆ ಸೇರುವ ಮೊದಲು ಒಂದು ಕೆಲಸವಾದರೂ ಮುಗಿಯಲಿ ಎಂದು ನನ್ನ ಹೆಂಡತಿಯೂ ಹೀಗೇ ಟ್ರೈನಿನಲ್ಲಿ ಕೂತು ಅವರೆಕಾಯಿ ಸುಲಿದು ತರುತ್ತಿದ್ದಳು. ಮಗುವಿಗೆ ಏನಾದರೂ ಆದರೆ ಅವಳಿಗೆ ಮುಖ ತೋರಿಸುವುದು ಹೇಗೆ ಎಂದು ಯೋಚಿಸಿದೆ. ಮಗುವಿಗಾಗಿ ಅಲ್ಲ, ನನ್ನ ಮುಖಕ್ಕಾಗಿ ಯೋಚಿಸುತ್ತಿದ್ದೇನೆ ಎಂಬುದು ಹೊಳೆದು ಕಣ್ಣಲ್ಲಿ ನೀರು ಬಂತು.

ನರ್ಸಿಂಗ್ ಹೋಮ್ ತಲುಪಿದಾಗ ಏಳೂಕಾಲು. ಮೆಟ್ಟಿಲ ಮೇಲೆ ಪಾಟಿ ಕೂತಿದ್ದರು. ನನ್ನನ್ನು ನೋಡಿ, “ಮುಳಿಚ್ಚಾಚು,” ಎಚ್ಚರವಾಗಿದೆ ಎಂದರು. ಮುಖವನ್ನು ಆ ಕಡೆ ತಿರುಗಿಸಿಕೊಂಡರು. ನಾನು ಒಳಗೆ ಹೋದೆ.

ಬೆನ್ನಿನ ಸೂಜಿಯನ್ನು ನಿಲ್ಲಿಸಿದ್ದರು. ಆ ಔಷಧಿಯ ಅಮಲನ್ನು ಇಳಿಸಲು ಬೇರೊಂದು ಇಂಜೆಕ್ಷನ್ ಇದೆಯಂತೆ, ಹತ್ತಿರದ ದೊಡ್ಡ ಆಸ್ಪತ್ರೆಯಿಂದ ತರಿಸಿ ಕೊಟ್ಟಿದ್ದರು. ಮೆದುಳು ಜ್ವರವೆಂದುಕೊಂಡು ಇನ್ನೂ ಒಂದು ಗಂಟೆ ಕಳೆದಿದ್ದರೆ ಏನು ಹೇಳುವುದಕ್ಕೂ ಆಗುತ್ತಿರಲಿಲ್ಲ ಎಂದರು ಡಾಕ್ಟರಮ್ಮ. ಪಾಟಿ ಗಂಟೆಗಂಟೆಗೂ ಬರೆದಿಟ್ಟಿದ್ದ ಸಾಲುಗಳನ್ನು ನೋಡಿ, ಮಗು ಯಾವಾಗಿನಿಂದ ಮಂಕಾಗುತ್ತಾ ಬಂತು ಎಂಬುದು ಅವರಿಗೆ ಗೊತ್ತಾಗಿತ್ತು. ಒಂದು ಗಂಟೆ: ಬಾಯಿಗಿಟ್ಟ ಅನ್ನ ನುಂಗುತ್ತಿಲ್ಲ. ಎರಡು: ನಿದ್ದೆ. ಮೂರು: ನಿದ್ದೆ, ಮೈ ತಣ್ಣಗಿದೆ, ಎಬ್ಬಿಸಿದರೆ ಏಳುತ್ತಿಲ್ಲ. ಅದರ ಮೇಲುಗಡೆ ನನ್ನ ನಾಲ್ಕು ಸಾಲುಗಳಿದ್ದವು.

ಮಗುವಿನ ಮೂಗಿಗೆ ನಳಿಕೆ ಇಟ್ಟಿದ್ದರು. ಹೆಂಡತಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು, ಕಚೇರಿಯ ಸೀರೆಯಲ್ಲೇ, ಪುಸ್ತಕ ತೊಡೆಯ ಮೇಲೆ. ನಾನು ಬೈಗುಳಕ್ಕೆ ತಯಾರಾಗಿ ಹೋಗಿದ್ದೆ, ಒಂದೆರಡು ಏಟು ಹೊಡೆದಿದ್ದರೂ ಸುಖವಾಗಿರುತ್ತಿತ್ತು. ಅವಳು ತುಂಬಾ ಹೊತ್ತು ಮಗುವಿನ ಎದೆ ಏಳುವುದು ಇಳಿಯುವುದನ್ನೇ ನೋಡುತ್ತಿದ್ದಳು.

“ಮಲಗಿದ್ದಕ್ಕೆ ನಾನೇನೂ ಅನ್ನಲ್ಲ,” ಎಂದಳು ಕೊನೆಗೆ. “ಹದಿನಾರು ಗಂಟೆ ದುಡಿದು ಬಂದೋರು. ನನಗೂ ಎಷ್ಟು ಸಲ ಟ್ರೈನಲ್ಲಿ ಸ್ಟೇಷನ್ ದಾಟಿಹೋಗಿದೆ.”

ಪುಸ್ತಕ ತೆರೆದು ನನ್ನ ಸಾಲುಗಳ ಮೇಲೆ ಬೆರಳಿಟ್ಟಳು.

“ಖಾಲಿ ಬಿಟ್ಟಿದ್ರೆ ಸಾಕಿತ್ತು ರೀ. ಖಾಲಿ ಇದ್ದಿದ್ರೆ ಪಾಟಿ ಕೇಳ್ತಿದ್ರು, ನಾನು ಕೇಳ್ತಿದ್ದೆ. ನೀವು ಬರ್ದಿಟ್ರಿ. ನಾನು ಅದನ್ನ ಡಾಕ್ಟ್ರಿಗೆ ಓದಿ ಹೇಳ್ದೆ.”

ಎರಡು ದಿನಕ್ಕೆ ಮಗು ಮನೆಗೆ ಬಂದಳು, ಬಂದವಳೇ ಡಬ್ಬಿ ಜೋಡಿಸಲು ಕೂತಳು. ಸುದ್ದಿ ಮಂಡ್ಯ, ಮೈಸೂರು ಎರಡೂ ಕಡೆ ಮುಟ್ಟಿತು. ಅಮ್ಮ ಫೋನಿನಲ್ಲಿ, “ಹೆತ್ತೋಳು ಆಫೀಸಲ್ಲಿ ಕೂತ್ರೆ ಮಗೂಗೆ ಇನ್ನೇನಾಗುತ್ತೆ? ಕೆಲಸ ಬಿಡು ಅಂತ ಹೇಳೋ,” ಎಂದರು. ಅತ್ತೆಯೂ ಮಗಳಿಗೆ ಅದನ್ನೇ ಹೇಳಿದರು. ಮನೆಯಲ್ಲಿ ಇದ್ದವನು ನಾನು, ಮಲಗಿದವನು ನಾನು, ಬಾಟಲಿ ನನ್ನದು. ಆದರೆ ಎಲ್ಲರೂ ಕೇಳಿದ್ದು ಅವಳು ಎಲ್ಲಿದ್ದಳು ಎಂದು. ನಾನು ಮೊದಲ ದಿನ ಅಮ್ಮನಿಗೆ ಎದುರಾಡಲಿಲ್ಲ. ಹೆಂಡತಿ ಅದನ್ನೂ ಕೇಳಿಸಿಕೊಂಡಳು. ಮಾರನೆಯ ದಿನ ನಾನೇ ಫೋನು ಮಾಡಿ ಆದದ್ದನ್ನು ಆದ ಹಾಗೆ ಹೇಳಿದೆ. ಅಮ್ಮ, “ಪಾಪ, ನಿದ್ದೆಗೆಟ್ಟು ಬಂದೋನು,” ಎಂದರು. ಅವಳು ಕೆಲಸ ಬಿಡಲಿಲ್ಲ, ಬಿಡು ಎಂದು ಹೇಳುವ ಮುಖ ನನಗೂ ಇರಲಿಲ್ಲ.

ಲಾಗ್ ಪುಸ್ತಕ ನಿಲ್ಲಲಿಲ್ಲ. ನಾನು ಬರೆಯುತ್ತಿದ್ದೆ, ಪಾಟಿ ಬರೆಯುತ್ತಿದ್ದರು. ಆದರೆ ಸಂಜೆ ಬಂದವಳು ಪಾಟಿಯ ಸಾಲುಗಳನ್ನು ಮಾತ್ರ ಓದುತ್ತಿದ್ದಳು. ನನ್ನ ಸಾಲುಗಳಿದ್ದ ಹೊತ್ತಿನ ವಿಚಾರವನ್ನು ಮಗುವಿನ ಹತ್ತಿರವೇ ಕೇಳುತ್ತಿದ್ದಳು. ಮೊದಲು ಹೊಟ್ಟೆ ಮುಟ್ಟಿ ನೋಡಿ ತಿಳಿದುಕೊಳ್ಳುತ್ತಿದ್ದಳು, ಮಾತು ಬಲಿತ ಮೇಲೆ ನನ್ನೆದುರಿಗೇ ಕೇಳತೊಡಗಿದಳು. ಅನ್ನ ತಿಂದ್ಯಾ? ಅಪ್ಪ ಮಲಗಿದ್ರಾ? ಕುಹಕವಿಲ್ಲ, ಕೋಪವಿಲ್ಲ, ಬಾಗಿಲ ಚಿಲಕ ಹಾಕಿದೆಯೇ ಎಂದು ನೋಡುವ ಹಾಗೆ. ಮಗು ಪಾಟಿಯಿಂದ ಕಲಿತ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ನಮ್ಮ ನಡುವೆ ಮಿಕ್ಕಿದ್ದೆಲ್ಲ ಸರಿಯಾಗಿತ್ತು. ನಗುತ್ತಿದ್ದೆವು, ಜಗಳವಾಡುತ್ತಿದ್ದೆವು, ಸಿನಿಮಾಕ್ಕೂ ಹೋಗಿದ್ದೆವು. ಆ ಎರಡು ಪ್ರಶ್ನೆ ಮಾತ್ರ ಎರಡು ವರ್ಷ ನನಗೆ ಬರಲಿಲ್ಲ. ಒಳಗೊಳಗೇ ಕುದಿಯುತ್ತಿದ್ದೆ, ಒಬ್ಬ ಮನುಷ್ಯನಿಗೆ ಎಷ್ಟು ದಿನ ಶಿಕ್ಷೆ ಎಂದು. ಕೇಳುವ ಧೈರ್ಯವಿರಲಿಲ್ಲ.

ಮಗಳಿಗೆ ನಾಲ್ಕೂವರೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದಿದ್ದೆ, ಪಾಟಿಗೆ ಕಣ್ಣಿನ ಆಪರೇಷನ್ ಆಗಿದ್ದರಿಂದ ಸಂಜೆಯವರೆಗೆ ಮಗು ನನ್ನ ಹತ್ತಿರ. ಕೂತು ಚಿತ್ರ ಬರೆಯುತ್ತಿದ್ದಳು. ಐದು ಗಂಟೆಗೆ ಅವಳ ಪಕ್ಕದಲ್ಲಿ ಸುಮ್ಮನೆ ಬೆನ್ನು ಚಾಚಿದೆ. ಕಣ್ಣು ಬಿಟ್ಟಾಗ ಐದೂವರೆ. ಅವಳು ಕೂತಲ್ಲೇ ಇದ್ದಳು, ನನ್ನ ಮೇಲೆ ಒಂದು ಟವಲು ಹೊದಿಸಿದ್ದಳು. ಏನೂ ಆಗಿರಲಿಲ್ಲ. ಪುಸ್ತಕದಲ್ಲಿ ಐದು ಗಂಟೆಯ ಸಾಲು ಖಾಲಿ ಇತ್ತು, ಆಮೇಲೆ ಬರೆಯೋಣ ಎಂದು ಬಿಟ್ಟೆ, ಹೆಂಡತಿ ಬರುವ ಹೊತ್ತಿಗೆ ಕಾಫಿಗೆ ಹಾಲು ಇಟ್ಟೆ.

ಹೆಂಡತಿ ಬಂದಳು, ಚೀಲ ಇಳಿಸಿದಳು, ಎಂದಿನಂತೆ ಮಗಳ ಕಡೆ ಬಗ್ಗಿ ಕೇಳಿದಳು. “ಅಪ್ಪ ಮಲಗಿದ್ರಾ ಪುಟ್ಟಿ?”

ಮಗಳು ನನ್ನನ್ನು ನೋಡಿದಳು, ಒಂದು ಕ್ಷಣ. ಆಮೇಲೆ ಅಮ್ಮನ ಕಡೆ ತಿರುಗಿ, “ಇಲ್ಲೆಮ್ಮಾ, ಅಪ್ಪಾ ತೂಂಗವೇ ಇಲ್ಲೆ,” ಎಂದಳು. ಅಪ್ಪ ಮಲಗಲೇ ಇಲ್ಲ ಎಂದು, ಸ್ವಲ್ಪವೂ ತಡವರಿಸದೆ, ಎಲ್ಲ ನಾರ್ಮಲ್ ಎನ್ನುವ ಹಾಗೆ.

ಒಲೆಯ ಮೇಲಿದ್ದ ಪಾತ್ರೆಯನ್ನು ಬಿಟ್ಟು ಹೊರಗೆ ಬಂದೆ. ಆ ಹೊತ್ತು ನನಗಾದಷ್ಟು ಸಂಕಟ ನರ್ಸಿಂಗ್ ಹೋಮಿನಲ್ಲೂ ಆಗಿರಲಿಲ್ಲ. “ಮಲಗಿದ್ದೆ ಕಣೇ,” ಎಂದೆ. “ಐದರಿಂದ ಐದೂವರೆ ತನಕ. ಅಷ್ಟರಲ್ಲಿ ಇವಳು ಏನು ಮಾಡಿದ್ಲೋ ನಂಗೊತ್ತಿಲ್ಲ.” ಪುಸ್ತಕ ತೆಗೆದು, ಅವಳೆದುರಿಗೇ, ಐದು ಗಂಟೆಯ ಸಾಲಿನಲ್ಲಿ ಅದನ್ನೇ ಬರೆದೆ. ಮಗಳು ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿದಳು. ಅವಳನ್ನು ಎತ್ತಿಕೊಂಡು, ನೀನೇನೂ ತಪ್ಪು ಮಾಡಿಲ್ಲ ಎಂದೆ.

ಹೆಂಡತಿ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಆ ಸಾಲು ಓದಿದಳು. ಅದರ ಮೇಲಿನ ಸಾಲುಗಳನ್ನೂ ಓದಿದಳು, ಬೆಳಿಗ್ಗೆಯಿಂದ. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಸುರಿಯಿತು, ಇಬ್ಬರೂ ಆ ಕಡೆ ಹೋಗಲಿಲ್ಲ. ಅವಳು ಪುಸ್ತಕ ಮುಚ್ಚಿ, ತಲೆಯೆತ್ತಿ, ಮಗಳನ್ನಲ್ಲ, ನನ್ನನ್ನು ಕೇಳಿದಳು.

“ಮಧ್ಯಾಹ್ನ ಅನ್ನ ಪೂರ್ತಿ ತಿಂದ್ಲಾ?”